ಹತ್ತೊಂಬತ್ತನೇ ಪೋರ್ಟಿನ ಸಂಕಟ ಓದಿದ ಪುಟ್ಟಲಕ್ಷ್ಮಿ

ಬೆಳಗಿನ ಐದೂವರೆ. ರಾಜಾಜಿನಗರ ಕೈಗಾರಿಕಾ ಪ್ರದೇಶದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಎ.ಸಿ. ಕೊರೆಯುತ್ತಿದೆ. ಸ್ವೆಟರಿನ ಮೇಲೆ ಶಾಲು ಹೊದ್ದ ಪುಟ್ಟಲಕ್ಷ್ಮಿ ಕಂಪ್ಯೂಟರ್ ಪರದೆಯ ಸಾಲುಗಳ ಮೇಲೆ ಬೆರಳಾಡಿಸುತ್ತ, ತುಟಿಯಲ್ಲೇ ಎಣಿಸುತ್ತ ಮೂವತ್ತೊಂದಕ್ಕೆ ಬಂದು ನಿಲ್ಲುತ್ತಾರೆ. ಎಲ್ಲ ಸರಿಯಿದೆ. ಕಾಫಿ ಏನಿದ್ದರೂ ಆಮೇಲೆ.

ಅವರು ಎಣಿಸುವುದು ಪೋರ್ಟುಗಳನ್ನು, ಅಂದರೆ ದೂರದೂರುಗಳ ಲೈನುಗಳು ಬಂದು ಸೇರುವ ಕಿಂಡಿಗಳನ್ನು. ಇಂಟರ್ನೆಟ್ ಮನೆಮನೆಗೆ ಬರುವ ಮೊದಲು ಊರೂರಿನ ಕಚೇರಿಗಳನ್ನು ಜೋಡಿಸಿದ್ದ ಫ್ರೇಮ್ ರಿಲೇ ವ್ಯವಸ್ಥೆ ಈಗ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ನೀರು ಸರಬರಾಜಿನ ಕೆಲವು ಪಂಪ್‌ಹೌಸುಗಳಲ್ಲಿ ಮಾತ್ರ ಉಳಿದಿದೆ. ಅವನ್ನು ನೋಡಿಕೊಳ್ಳುವ ಖಾಸಗಿ ಕಂಪನಿಯಲ್ಲಿ ಅವುಗಳ ಭಾಷೆ ಬಲ್ಲವರು ಐವತ್ತಮೂರರ ಪುಟ್ಟಲಕ್ಷ್ಮಿ ಒಬ್ಬರೇ.

"ಅದು ಆಡೋದು ಮೂರೇ ಮಾತು ಸಾರ್. ‘ಆಕ್ಟಿವ್’ ಅಂದ್ರೆ ಎರಡೂ ಕಡೆ ಚೆನ್ನಾಗಿದಾರೆ. ‘ಇನ್‌ಆಕ್ಟಿವ್’ ಅಂದ್ರೆ ನಾವು ಸರಿ ಇದೀವಿ, ಆ ಕಡೆಯವರು ಮಾತಾಡ್ತಾ ಇಲ್ಲ. ‘ಡಿಲೀಟೆಡ್’ ಅಂದ್ರೆ ಅಂಥ ದಾರಿನೇ ಇಲ್ಲ."

ಹದಿನೈದು ನಿಮಿಷಕ್ಕೊಮ್ಮೆ ಮೂವತ್ತೊಂದನ್ನೂ ನೋಡುವ ಒಂದು ಸುತ್ತು. ಎಂಟು ಗಂಟೆಯ ಪಾಳಿಯಲ್ಲಿ ಹತ್ತಿರಹತ್ತಿರ ಸಾವಿರ ಸಂದೇಶ. ಇದು ಇಪ್ಪತ್ತೊಂಬತ್ತು ವರ್ಷಗಳಿಂದ ನಡೆದಿದೆ ಎಂದು ಕೇಳಿ ನನಗೆ ತಲೆ ತಿರುಗುತ್ತದೆ.

ಹೆಗ್ಗನಹಳ್ಳಿಯ ರಾಗಿ ಹೊಲದಲ್ಲಿ ಬೆಳೆದ ಹುಡುಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಇಲ್ಲಿಗೆ ಸೇರಿದಾಗ, ಹೆಂಗಸರಿಗೆ ಮುಂಜಾನೆ ಪಾಳಿ ಬೇಡ ಎಂದರಂತೆ. ಹಟ ಹಿಡಿದು ಕೇಳಿ ಪಡೆದರು. ಗಂಡ ವಿಠ್ಠಲ ತೀರಿಕೊಂಡು ಹನ್ನೊಂದು ವರ್ಷ. ಹನ್ನೆರಡನೆಯ ದಿನ ಕಳೆದ ಮರುಬೆಳಗ್ಗೆಯೇ ಈ ಕುರ್ಚಿಗೆ ಬಂದು ಕೂತಿದ್ದರು. "ಮನೇಲಿ ಎಲ್ರೂ ಅಳಬೇಡ ಅಂತಿದ್ರು. ಇಲ್ಲಿ ಯಾರೂ ಏನೂ ಹೇಳಲ್ವಲ್ಲ" ಎನ್ನುತ್ತಾರೆ.

ಕಳೆದ ವರ್ಷ ಆಗಸ್ಟಿನ ಒಂದು ಬೆಳಗ್ಗೆ ಆರು ಗಂಟೆಗೆ ಹತ್ತೊಂಬತ್ತನೇ ಪೋರ್ಟು ‘ಇನ್‌ಆಕ್ಟಿವ್’ ಆಯಿತು. ತೊಂಬತ್ತು ಕಿಲೋಮೀಟರ್ ಆಚೆಯ ಪಂಪ್‌ಹೌಸ್ ಅದು.

"ಕರೆಂಟ್ ಹೋಗಿರುತ್ತೆ ಬಿಡಿ ಮೇಡಂ" ಎಂದರು ಪಾಳಿಯ ಮೇಲ್ವಿಚಾರಕ ಗಿರಿರಾಜ್.

"ಕರೆಂಟ್ ಹೋದ್ರೆ ಒಂದೇ ಏಟಿಗೆ ಸುಮ್ಮನಾಗುತ್ತೆ. ಇದು ಇಪ್ಪತ್ತು ನಿಮಿಷ ನರಳಿದೆ, ನೋಡಿ. ಲೈನಿನ ತಪ್ಪುಗಳು ನಾಲ್ಕು, ನಲವತ್ತು, ನಾನೂರು ಅಂತ ಏರಿವೆ. ತಂತಿ ನೆನೆದ್ರೆ ಹೀಗಾಗುತ್ತೆ, ಅಲ್ಲಿ ನೀರು ನುಗ್ತಾ ಇದೆ."

ಯಂತ್ರಗಳಿರುವುದು ನೆಲದಡಿಯ ಕೋಣೆಯಲ್ಲಿ. ಆಪರೇಟರ್ ಲಿಂಗಪ್ಪನವರ ಮೊಬೈಲ್ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಪುಟ್ಟಲಕ್ಷ್ಮಿ ಅಲ್ಲಿನ ಮುಂದಿನ ಪಾಳಿಯ ಆಪರೇಟರ್ ಗಂಗಾಧರಯ್ಯನವರ ಮನೆಗೆ ಫೋನ್ ಹಚ್ಚಿದರು. "ಅಣ್ಣ, ಕೈಯಲ್ಲಿರೋದು ಬಿಟ್ಟು ಓಡಿ. ಒಬ್ಬರೇ ಹೋಗ್ಬೇಡಿ."

ಗಂಗಾಧರಯ್ಯ ನೆರೆಯವರಿಬ್ಬರನ್ನು ಕರೆದುಕೊಂಡು ಬೈಕ್‌ನಲ್ಲಿ ಧಾವಿಸಿದರು. ದೊಡ್ಡ ಪೈಪು ಒಡೆದು ಕೋಣೆ ತುಂಬುತ್ತಿತ್ತು. ಬಿದ್ದ ಪೈಪಿನಡಿ ಲಿಂಗಪ್ಪನವರ ಕಾಲು ಸಿಕ್ಕಿಕೊಂಡಿತ್ತು. ವಾಲ್ವ್ ಮುಚ್ಚಿ, ಪೈಪೆತ್ತಿ ಅವರನ್ನು ಹೊರಗೆಳೆದರು.

"ಗಂಗಾಧರಯ್ಯ ವಾಪಸ್ ಫೋನ್ ಮಾಡೋವರೆಗೂ ನಾನು ಆ ಸಾಲಿಂದ ಕಣ್ಣು ಕೀಳಲಿಲ್ಲ. ನೋಡಿ ಏನೂ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಆದ್ರೂ ನೋಡ್ತಾ ಇದ್ದೆ" ಎನ್ನುತ್ತಾರೆ ಪುಟ್ಟಲಕ್ಷ್ಮಿ.

ಲಿಂಗಪ್ಪನವರನ್ನು ಫೋನಿನಲ್ಲಿ ಮಾತಾಡಿಸುತ್ತೇನೆ. ಈಗ ಕೊಂಚ ಕುಂಟುತ್ತಾರೆ, ಕೆಲಸಕ್ಕೆ ಮರಳಿದ್ದಾರೆ. "ನೀರು ಕುತ್ತಿಗೆಗೆ ಬಂದಿತ್ತು ಸ್ವಾಮಿ. ಕೂಗೀ ಕೂಗೀ ಗಂಟಲು ಬಿದ್ದೋಗಿತ್ತು. ಪಕ್ಕದ ತೋಟದೋರಿಗೆ ಕೇಳಿಸ್ಲಿಲ್ಲ, ಬೆಂಗಳೂರಲ್ಲಿ ಕೂತಿದ್ದ ಆ ಯಮ್ಮಂಗೆ ಕೇಳಿಸ್ತು!"

ಗಿರಿರಾಜ್ ಈಗ ದಿನಾ ಅರ್ಧ ಗಂಟೆ ಪುಟ್ಟಲಕ್ಷ್ಮಿಯವರ ಪಕ್ಕ ಕೂತು ಕಲಿಯುತ್ತಾರೆ. ಬರುವ ಮಾರ್ಚ್ ಒಳಗೆ ಈ ಲೈನುಗಳನ್ನೆಲ್ಲ ಮುಚ್ಚಿ ಹೊಸ ವ್ಯವಸ್ಥೆ ತರುವುದು ಖಚಿತವಾಗಿದೆ. ಬೇಸರವೇ ಎಂದು ಕೇಳಿದರೆ ಪುಟ್ಟಲಕ್ಷ್ಮಿ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹಳೇದು ಹೋಗ್ಲೇಬೇಕಲ್ವಾ ಸಾರ್. ಒಂದೇ ಕೇಳ್ಕೊಂಡಿದೀನಿ. ಮುಚ್ಚೋ ದಿನ ಮೂವತ್ತೊಂದು ಕಡೆಗೂ ನಾನೇ ಫೋನ್ ಮಾಡಿ ಹೇಳ್ತೀನಿ. ಹೇಳದೆ ಕೇಳದೆ ಸುಮ್ಮನಾಗಿಬಿಟ್ರೆ, ಆ ಕಡೆ ಇರೋರು ಗಾಬರಿ ಆಗ್ತಾರೆ."