ಹದಿನಾಲ್ಕನೇ ಕಾಲಂ

ಕಳೆದ ವಾರ ಒಂದು ಸರ್ಕಾರಿ ಕಚೇರಿಯ ಮೇಜಿನ ಮುಂದೆ ಕೂತು ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತಿದ್ದೆ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ, ಹಳೇ ಕಚೇರಿಗಳಲ್ಲಿ ಇರುತ್ತಿತ್ತಲ್ಲ, ಅದೇ. ಹೆರೆದ ಮರದ ವಾಸನೆ ಮೂಗಿಗೆ ಬಂದದ್ದೇ ತಡ, ಬನಶಂಕರಿ ಎರಡನೇ ಹಂತದ ನಮ್ಮ ಬಾಡಿಗೆ ಮನೆಯ ಮಹಡಿ ಮೆಟ್ಟಿಲು ಕಣ್ಣ ಮುಂದೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಆ ಮೆಟ್ಟಿಲ ಮೇಲೆ ಕೂತು ಮಹಡಿ ಅಂಕಲ್ ವಾರಕ್ಕಾಗುವಷ್ಟು ಪೆನ್ಸಿಲ್ ಹೆರೆದುಕೊಳ್ಳುತ್ತಿದ್ದರು. ಸಿಪ್ಪೆಯೆಲ್ಲ ಕೆಳಗೆ ಅಮ್ಮನ ರಂಗೋಲಿಯ ಮೇಲೆ ಬೀಳುತ್ತಿತ್ತು. ಅಮ್ಮ ಗೊಣಗುತ್ತಲೇ ಗುಡಿಸುತ್ತಿದ್ದಳು.

ಮಹಡಿ ಅಂಕಲ್ ಎಂದರೆ ನಮ್ಮ ಮನೆಯ ಮೇಲಿನ ಒಂಟಿ ಕೋಣೆಯಲ್ಲಿದ್ದ ಸರ್ಕಾರಿ ಗುಮಾಸ್ತರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅನ್ನ ತಾವೇ ಬೇಯಿಸಿಕೊಳ್ಳುತ್ತಿದ್ದರು, ಸಾರು ನಮ್ಮ ಮನೆಯಿಂದ ಹೋಗುತ್ತಿತ್ತು. ಬಡವರ ಮಕ್ಕಳನ್ನು ಸರ್ಕಾರದ ಖರ್ಚಿನಲ್ಲಿ ಹೊರದೇಶಕ್ಕೆ ಓದಲು ಕಳಿಸುವ ಯೋಜನೆಯೊಂದಿತ್ತು. ಅದಕ್ಕೆ ಬಂದ ಅರ್ಜಿಗಳನ್ನು ಮೊದಲು ಬಿಚ್ಚಿ ನೋಡುವ ಮೇಜು ಇವರದ್ದು. ಎಲ್ಲ ಸರಿಯಿದ್ದರೆ ನೀಲಿ ಗುರುತು, ಏನಾದರೂ ತಪ್ಪಿದ್ದರೆ ಕೆಂಪು. ನೀಲಿ ಬಿದ್ದ ಅರ್ಜಿ ಆಯ್ಕೆ ಸಮಿತಿಯ ಮುಂದೆ ಹೋಗುತ್ತಿತ್ತು, ಕೆಂಪು ಬಿದ್ದದ್ದು ಅಲ್ಲಿಗೇ ಮುಗಿಯುತ್ತಿತ್ತು. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅಂಕಲ್ ಸ್ಕಾಲರ್‌ಶಿಪ್ ಆಫೀಸಿನಲ್ಲಿದ್ದಾರೆ, ನನಗೆ ಸ್ಕಾಲರ್‌ಶಿಪ್ ಬೇಕು. ಇನ್ನೇನು ಬೇಕು!

ತೊಂಬತ್ತರ ದಶಕದ ಕೊನೆಯ ಮಾತು. ನಾನು ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದೆ. ಕೊಳಚೆ ನೀರನ್ನು ಶುದ್ಧ ಮಾಡುವ ವಿದ್ಯೆಯನ್ನು ಹೊರದೇಶದಲ್ಲಿ ಓದಬೇಕೆಂಬ ಹುಚ್ಚು ಹಿಡಿದಿತ್ತು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ, "ನನ್ ಮಗ್ಳು ಮೋರಿ ನೀರು ಓದಕ್ಕೆ ಫಾರಿನ್‌ಗೆ ಹೋಗ್ತಾಳಂತೆ, ನೋಡಿ ಸಾರ್ ಕಾಲಾನ" ಎಂದು ಹೇಳಿ ನಗುತ್ತಿದ್ದ. ನಕ್ಕರೂ ಒಳಗೊಳಗೇ ಹೆಮ್ಮೆ. ನನ್ನ ವಿಷಯಕ್ಕೆ ಆ ವರ್ಷ ಇಡೀ ರಾಜ್ಯಕ್ಕೆ ಇದ್ದದ್ದು ಒಂದೇ ಸೀಟು. ಅದು ಸಿಗದಿದ್ದರೆ ಜೆ.ಪಿ. ನಗರದ ಟ್ಯೂಷನ್ ಸೆಂಟರ್ ಒಂದರಲ್ಲಿ ಗಣಿತ ಹೇಳಿಕೊಡುವ ಕೆಲಸ ಕಾದಿತ್ತು, ಹಿಂದೆಯೇ ಸೋದರತ್ತೆ ತಂದಿದ್ದ ಒಂದು ಗಂಡು.

ಅರ್ಜಿ ಹಾಕುತ್ತೇನೆಂದು ಹೇಳಲು ಒಂದು ಸಂಜೆ ಸಾರಿನ ಪಾತ್ರೆ ಹಿಡಿದು ಮಹಡಿ ಹತ್ತಿದೆ. ಅಂಕಲ್ ಮುಖ ಗಂಟು ಹಾಕಿಕೊಂಡರು. ಬೀರುವಿನಿಂದ ಅಚ್ಚಾದ ನಿಯಮಗಳ ನಾಲ್ಕು ಹಾಳೆ ತೆಗೆದು ಕೈಗಿಟ್ಟರು.

"ಓದಮ್ಮ. ಎಲ್ಲಾ ಇದ್ರಲ್ಲಿದೆ. ಇದ್ರಲ್ಲಿ ಇಲ್ದೇ ಇರೋದನ್ನ ನಾನೂ ಹೇಳಲ್ಲ. ಲಿಸ್ಟ್ ಆಚೆ ಬರೋವರ್ಗೂ ನಿಮ್ಮನೆ ಸಾರೂ ಬೇಡ."

ಪಾತ್ರೆ ಹಾಗೇ ವಾಪಸ್ ಬಂತು. ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು. "ಎಂಜಲು ಕೈಲಿ ಕಾಗೇನೂ ಓಡ್ಸಲ್ಲ ಈ ಮನುಷ್ಯ! ದೇವ್ರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗಾಯ್ತು" ಎಂದು ಮಹಡಿಗೆ ಕೇಳುವ ಹಾಗೇ ಬೈದಳು. ಅಂಕಲ್ ಅಂದಿನಿಂದ ನಮ್ಮ ಪೇಪರ್ ಓದಲು ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತ ಇಳಿದುಹೋಗುತ್ತಿದ್ದರು. ನನಗೂ ಉರಿಯಿತು. ಹೋಗಲಿ ಬಿಡು, ಯಾರ ಹಂಗೂ ಬೇಡ ಎಂದುಕೊಂಡೆ. ಅವರು ಕೊಟ್ಟ ನಾಲ್ಕು ಹಾಳೆಯನ್ನು ಹಟಕ್ಕೆ ಪೂರ್ತಿ ಓದಲೂ ಇಲ್ಲ...

ಅರ್ಜಿ ತುಂಬಿಸಿದ್ದು ಅಪ್ಪನ ಅಂಗಡಿಯ ಸ್ಟೂಲಿನ ಮೇಲೆ. ಹದಿನಾಲ್ಕನೇ ಕಾಲಂ ಬಂದಾಗ ಗಟ್ಟಿಯಾಗಿ ಓದಿದೆ: "ನಿಮ್ಮ ಕುಟುಂಬದ ಯಾರಾದರೂ ಈ ಮೊದಲು ಸರ್ಕಾರದ ವೆಚ್ಚದಲ್ಲಿ ವಿದೇಶದಲ್ಲಿ ವ್ಯಾಸಂಗ ಮಾಡಿದ್ದಾರೆಯೇ?" ಅಪ್ಪ ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮಜ್ಜ ಹೋಗಿದ್ರಲ್ಲಮ್ಮ, ಕನಕಪುರಕ್ಕೆ! ಎಮ್ಮೆ ತರಕ್ಕೆ!" ನಾನೂ ನಗುತ್ತಲೇ ಆ ಕಾಲಂನಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆದೆ. ಅಂಥ ಪ್ರಶ್ನೆಗೆ ನಮ್ಮಂಥವರು ಇನ್ನೇನು ಬರೆಯುತ್ತಾರೆ?

ಸಂದರ್ಶನದ ಪತ್ರ ಬಂತು. ಉದ್ದನೆಯ ಮೇಜಿನ ಆ ಕಡೆ ಐದು ಜನ ದೊಡ್ಡವರು, ಈ ಕಡೆ ಅಮ್ಮನ ರೇಷ್ಮೆ ಸೀರೆ ಉಟ್ಟು ಬೆವರುತ್ತಿದ್ದ ನಾನು. ಮೂರೋ ನಾಲ್ಕೋ ಪ್ರಶ್ನೆ ಕೇಳಿದರು. ಚೆನ್ನಾಗಿಯೇ ಹೇಳಿದೆ. ತಿಂಗಳಾದ ಮೇಲೆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಬಾಳೆಹಣ್ಣು ಹಂಚಿದ. ಅಮ್ಮ ಹಳೆಯದೆಲ್ಲ ಮರೆತು ಒಬ್ಬಟ್ಟು ಮಾಡಿ ಮಹಡಿಗೆ ಕಳಿಸಿದಳು. ಅಂಕಲ್ ತಟ್ಟೆ ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ. "ಚೆನ್ನಾಗ್ ಓದು" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ನಾನು ಹೊರಡುವ ದಿನ ಇಡೀ ಬೀದಿ ಬಂದಿತ್ತು, ಅವರು ಇಳಿದು ಬರಲಿಲ್ಲ. ಎಂಥ ಒಣ ಮನುಷ್ಯ ಎನಿಸಿತು. ಆದರೆ ನೇರ ಮನುಷ್ಯ, ನಿಯಮ ಬಿಟ್ಟು ಅಲುಗಾಡದವರು ಎಂದೂ ಅನಿಸಿತು. ಯಾರ ಶಿಫಾರಸೂ ಇಲ್ಲದೆ ಗೆದ್ದೆ ಎಂಬ ಜಂಬ ನನಗೆ ಹುಟ್ಟಿದ್ದೇ ಅವರಿಂದ. ಹೊರದೇಶದಲ್ಲಿ ಎಷ್ಟು ಜನರಿಗೆ ಈ ಕಥೆ ಹೇಳಿದ್ದೇನೋ! ಸಾರು ವಾಪಸ್ ಕಳಿಸಿದ ಗುಮಾಸ್ತರ ಕಥೆ...

ಓದು ಮುಗಿಸಿ ಬಂದು ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ಅಂಕಲ್ ನಿವೃತ್ತರಾಗಿ ಸುಬ್ರಹ್ಮಣ್ಯಪುರದಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಗೆ ಹೋಗಿದ್ದರು. ಕೆಲವು ವರ್ಷಗಳ ನಂತರ ಅದೇ ಸ್ಕಾಲರ್‌ಶಿಪ್ ಕಚೇರಿಯವರು, ನನ್ನ ವಿಷಯದ ಅರ್ಜಿಗಳನ್ನು ಪರಿಶೀಲಿಸಿ ಕೊಡಿ ಎಂದು ನನ್ನನ್ನೇ ಕರೆದರು. ಮೊದಲ ದಿನ ಅಲ್ಲಿನ ಗುಮಾಸ್ತೆಯೊಬ್ಬರು ಸಂಭ್ರಮದಿಂದ ಹಳೇ ಕಡತವೊಂದನ್ನು ಹೊತ್ತು ತಂದರು. "ಮೇಡಂ, ನಿಮ್ದೂ ಇದೆ ನೋಡಿ ಇದ್ರಲ್ಲಿ! ನೀವು ಎಷ್ಟ್ ಸಣ್ಣ ಇದ್ರಿ ಫೋಟೋದಲ್ಲಿ!"

ಆಸೆಯಿಂದಲೇ ಬಿಚ್ಚಿದೆ. ಎರಡು ಜಡೆಯ ನನ್ನ ಫೋಟೋ, ನನ್ನ ಬಾಲ್‌ಪೆನ್ನಿನ ಅಕ್ಷರ. ಹದಿನಾಲ್ಕನೇ ಕಾಲಂಗೆ ಬಂದಾಗ ಕಣ್ಣು ನಿಂತಿತು. ನಾನು ಎಳೆದ ಗೆರೆ ಅಲ್ಲೇ ಇತ್ತು. ಅದರ ಮೇಲೆ, ಶಾಯಿ ಪೆನ್ನಿನಲ್ಲಿ, ದಪ್ಪಗೆ, 'ಯಾರೂ ಇಲ್ಲ' ಎಂದು ಬರೆದಿತ್ತು. ಆ ಕೈಬರಹ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಕಲ್ ಬರೆದಿಡುತ್ತಿದ್ದ ನಮ್ಮನೆ ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ ವರ್ಷಗಟ್ಟಲೆ ಆ ಅಕ್ಷರ ನೋಡಿದ್ದೆ. ಪಕ್ಕದಲ್ಲಿ ನೀಲಿ ಗುರುತು.

ಪುಟ ತಿರುಗಿಸಿದೆ. ಮುಂದಿನ ಅರ್ಜಿ ಗೊಟ್ಟಿಗೆರೆಯ ಒಬ್ಬ ಹುಡುಗಿಯದು. ನನ್ನದೇ ವಿಷಯ, ನನ್ನದೇ ವಯಸ್ಸು, ಅಂಕ ನನಗಿಂತ ಜಾಸ್ತಿ. ಅಪ್ಪನ ಉದ್ಯೋಗ ಇಟ್ಟಿಗೆ ಗೂಡಿನಲ್ಲಿ ಕೂಲಿ ಎಂದಿತ್ತು. ಹದಿನಾಲ್ಕನೇ ಕಾಲಂನಲ್ಲಿ ಅಡ್ಡಕ್ಕೆ ಒಂದು ಗೆರೆ. ಅದರ ಮೇಲೆ ಯಾವ ಅಕ್ಷರವೂ ಇರಲಿಲ್ಲ. ಕೆಂಪು ಸುತ್ತು ಹಾಕಿ ಬದಿಯಲ್ಲಿ ಬರೆದಿತ್ತು: 'ಕಾಲಂ ಖಾಲಿ. ಅರ್ಜಿ ಅಪೂರ್ಣ. ಸಮಿತಿಯ ಮುಂದಿಡುವ ಅಗತ್ಯವಿಲ್ಲ.' ಅದೂ ಅದೇ ಕೈಬರಹ.

ಕಡತಕ್ಕೆ ಅಂಟಿಸಿದ್ದ ನಿಯಮಗಳ ಹಾಳೆಯನ್ನು ಆಗ ಓದಿದೆ, ಅಷ್ಟು ವರ್ಷ ತಡವಾಗಿ. ಯಾವ ಕಾಲಮನ್ನೂ ಖಾಲಿ ಬಿಡಬಾರದು, ಗೆರೆ ಎಳೆದರೂ ಖಾಲಿಯೆಂದೇ ಪರಿಗಣಿಸಲಾಗುವುದು ಎಂದು ಸ್ಪಷ್ಟವಾಗಿ ಇತ್ತು. ಗುಮಾಸ್ತೆ "ಯಾಕ್ ಮೇಡಂ, ನೀರು ಬೇಕಾ?" ಎಂದು ಕೇಳುತ್ತಿದ್ದರು. ಲಂಚವಲ್ಲ, ಶಿಫಾರಸಲ್ಲ, ಎರಡೇ ಎರಡು ಪದ. ನನ್ನ ಇಡೀ ಬದುಕು ಅದರ ಮೇಲೆ ನಿಂತಿತ್ತು, ನನಗೇ ಗೊತ್ತಿಲ್ಲದೆ!

ಅದೇ ಸಂಜೆ ಸುಬ್ರಹ್ಮಣ್ಯಪುರಕ್ಕೆ ಹೋದೆ. ಅಂಕಲ್ ಮಂಚದ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ತುಂಬ ಇಳಿದುಹೋಗಿದ್ದರು. ಕುಶಲ ಕೇಳುವ ತಾಳ್ಮೆಯೂ ನನಗಿರಲಿಲ್ಲ. "ಅಂಕಲ್, ಹದಿನಾಲ್ಕನೇ ಕಾಲಂ ನೋಡ್ದೆ" ಎಂದೆ.

ಅವರು ರೇಡಿಯೋ ಆರಿಸಿದರು. "ನೋಡ್ತೀಯ ಅಂತ ಗೊತ್ತಿತ್ತು. ಆಫೀಸ್‌ನೋರು ನಿನ್ನ ಕರೆದಿದ್ದಾರೆ ಅಂತ ಕೇಳಿದಾಗ್ಲೇ ಗೊತ್ತಾಯ್ತು."

"ಯಾಕ್ ಬರೆದ್ರಿ?"

"ನಿಮ್ಮನೇಲಿ ಯಾರೂ ಹೋಗಿಲ್ಲ ಅನ್ನೋದು ನಂಗೊತ್ತಿತ್ತಲ್ಲಮ್ಮ. ದಿನಾ ನೋಡ್ತಿದ್ದೆ. ಸುಳ್ಳೇನ್ ಬರೀಲಿಲ್ಲ ನಾನು."

"ಮತ್ತೆ ಅವ್ಳದ್ದು?"

ಹೊದಿಕೆಯ ಅಂಚನ್ನು ಮಡಿಸುತ್ತ ಹೇಳಿದರು. "ಅವ್ರ ಮನೇಲಿ ಯಾರು ಹೋಗಿದ್ರೋ ಇಲ್ವೋ, ನಂಗೇನ್ ಗೊತ್ತು?"

ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವಿರುತ್ತದೆಂದು ದಾರಿಯುದ್ದಕ್ಕೂ ಏನೇನೋ ಕಲ್ಪಿಸಿಕೊಂಡು ಬಂದಿದ್ದೆ. ಇಟ್ಟಿಗೆ ಗೂಡಿನ ಕೂಲಿಯವನ ಮನೆಯಿಂದ ಯಾರು ವಿದೇಶಕ್ಕೆ ಹೋಗಿರುತ್ತಾರೆ ಅಂಕಲ್, ಎಂದು ಕಿರುಚಬೇಕೆನಿಸಿತು. ಕಿರುಚಲಿಲ್ಲ. ಆ ಸೀಟಿನಲ್ಲಿ ಕೂತು ಓದಿ ಬಂದವಳು ನಾನೇ ಅಲ್ಲವೇ?

ಆಮೇಲೆ ಅವರೇ ಹೇಳಿದರು. ಇಬ್ಬರಿಗೂ ಕಾಗದ ಹಾಕಿ ಸರಿಪಡಿಸಿಕೊಳ್ಳಿ ಎನ್ನಬಹುದಿತ್ತಂತೆ, ಬೇಕಾದಷ್ಟು ಸಮಯವಿತ್ತಂತೆ. ಆದರೆ ಹಾಗೆ ಕಾಗದ ಹಾಕುವ ಪದ್ಧತಿ ಇರಲಿಲ್ಲವಂತೆ. ನಾನು ವಿಮಾನ ಹತ್ತಿದ ಮೇಲೆ ಅವರಿಗೆ ಅನ್ನ ಸೇರಲಿಲ್ಲ. ಒಂದು ಭಾನುವಾರ ಮುಂದಿನ ವರ್ಷದ ಅರ್ಜಿ ನಮೂನೆ ಹಿಡಿದು, ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿ ಗೊಟ್ಟಿಗೆರೆಗೆ ಹೋಗಿದ್ದಾರೆ.

"ಇದ್ಲು ಹುಡ್ಗಿ. ಮದ್ವೆ ಗೊತ್ತಾಗಿತ್ತು. ಇಂಟರ್‌ವ್ಯೂ ಲೆಟರ್ ಪೋಸ್ಟ್‌ನಲ್ಲಿ ಎಲ್ಲೋ ಕಳ್ದೋಯ್ತು ಅಂದ್ಕೊಂಡಿದ್ಲಮ್ಮ ಅವ್ಳು. ಪೋಸ್ಟ್‌ಮ್ಯಾನ್ ಜೊತೆ ದೊಡ್ಡ ಜಗಳಾನೇ ಆಡಿದ್ಲಂತೆ. ಪಾಪ, ಅವ್ನನ್ನ ಇಡೀ ಊರು ಬೈತಿತ್ತು... ಫಾರಂ ಕೊಟ್ಟೆ. 'ಇನ್ನು ಬೇಡ ಸಾರ್, ಆಯ್ತು' ಅಂದ್ಲು. ಕಾಫಿ ಕೊಟ್ಲು."

"ನೀವ್ ಹೇಳಿದ್ರಾ, ಯಾಕೆ ಬರ್ಲಿಲ್ಲ ಅಂತ?"

"ಇಲ್ಲ. ಕಾಫಿ ಕುಡ್ದು ಬಂದ್ಬಿಟ್ಟೆ."

ನಮ್ಮ ಸಾರು ವಾಪಸ್ ಕಳಿಸಿದ ಮನುಷ್ಯ ಅವಳ ಕಾಫಿ ಕುಡಿದು ಬಂದಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದರ ಜೊತೆಗೇ ಅಳುವೂ ಬಂತು. ಹೊರಡುವಾಗ ದಿಂಬಿನ ಪಕ್ಕದ ಡಬ್ಬಿಯಿಂದ ಈ ಪೆನ್ಸಿಲ್ ತೆಗೆದು ಕೊಟ್ಟರು. "ಈಗ ನೀನೂ ಮೇಜಿನ ಆ ಕಡೆ ಕೂತಿದ್ದೀಯ. ಜನ ಸಮಿತಿನೋರು ಆರಿಸ್ತಾರೆ ಅಂದ್ಕೋತಾರೆ. ಅವ್ರ ಮುಂದೆ ಹೋಗೋ ಹೊತ್ಗೆ ಆರಿಸಿ ಮುಗ್ದಿರತ್ತೆ" ಎಂದರು.

ಅದೇ ಕೊನೆ. ಆ ವರ್ಷದ ದೀಪಾವಳಿಗೆ ಮುಂಚೆಯೇ ಅಂಕಲ್ ಹೋಗಿಬಿಟ್ಟರು. ಅಮ್ಮ ಮೂರು ದಿನ ಸಾರು ಮಾಡಲಿಲ್ಲ. ಅಮ್ಮನಿಗೆ ನಾನು ಇದೊಂದನ್ನೂ ಹೇಳಿಲ್ಲ. ಗೊಟ್ಟಿಗೆರೆಯ ಆ ವಿಳಾಸ ನನಗೆ ಬಾಯಿಪಾಠ. ಈಗ ನಾನಿರುವುದು ಬನ್ನೇರುಘಟ್ಟ ರಸ್ತೆಯ ಕೊನೆಯಲ್ಲೇ, ಎಷ್ಟೋ ಸಲ ಆ ಸ್ಟಾಪಿನ ಮುಂದೆಯೇ ಬಸ್ಸಿನಲ್ಲಿ ಹೋಗಿದ್ದೇನೆ. ಇಳಿದಿಲ್ಲ. ಇಳಿದು ಏನೆಂದು ಹೇಳಲಿ?

ಕಳೆದ ವಾರ ಮತ್ತೆ ಅದೇ ಕಚೇರಿ, ಈ ವರ್ಷದ ಅರ್ಜಿಗಳು. ಹದಿನಾಲ್ಕನೇ ಕಾಲಂ ಇನ್ನೂ ಹಾಗೇ ಇದೆ, ಆ ನಿಯಮವೂ ಇದೆ. ಐದು ಅರ್ಜಿಗಳಲ್ಲಿ ಗೆರೆ ಎಳೆದಿತ್ತು. ನನ್ನ ಜೊತೆ ಕೂತಿದ್ದ ಅಧಿಕಾರಿ, "ಇನ್‌ಕಂಪ್ಲೀಟ್ ಮೇಡಂ, ಪಕ್ಕಕ್ಕಿಡಿ" ಎಂದರು. ಫೋನ್ ಮಾಡಿ ಕೇಳಬಹುದೇ ಎಂದೆ. "ಕೇಳಬಾರ್ದು ಅಂತೇನಿಲ್ಲ. ಯಾರೂ ಕೇಳಲ್ಲ, ಅಷ್ಟೇ. ಐದು ಗಂಟೆಗೆ ಲಿಸ್ಟ್ ಸಹಿಗೆ ಹೋಗ್ಬೇಕು" ಎಂದರು. ನಾಲ್ವರು ಸಿಕ್ಕಿದರು. ಪ್ರಶ್ನೆ ಓದಿದ ಕೂಡಲೇ ನಾಲ್ವರೂ ನಕ್ಕರು. ಬೇಗೂರಿನ ಒಬ್ಬಳಂತೂ, "ನಮ್ಮನೇಲಾ ಮೇಡಂ? ನಮ್ಮಪ್ಪ ಮೆಜೆಸ್ಟಿಕ್ ದಾಟಿಲ್ಲ!" ಎಂದಳು. ನಗುತ್ತ ನಗುತ್ತ ನನ್ನ ಕಣ್ಣು ತುಂಬಿತು. ನಾಲ್ಕರಲ್ಲೂ 'ಯಾರೂ ಇಲ್ಲ' ಎಂದು ಬರೆದು ನೀಲಿ ಗುರುತು ಹಾಕಿದೆ.

ಐದನೆಯವಳ ಫೋನು ಸ್ವಿಚ್ ಆಫ್. ಮತ್ತೆ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಐದಕ್ಕೆ ಐದು ನಿಮಿಷವಿತ್ತು. ಪೆನ್ಸಿಲಿನ ಮೊನೆ ಮುರಿದಿತ್ತು, ಅದಕ್ಕೇ ಹೆರೆಯುತ್ತಿದ್ದದ್ದು ನಾನು. ಹೆರೆದದ್ದು ನೀಲಿ ತುದಿಯನ್ನು. ಅವಳ ಗೆರೆಯ ಪಕ್ಕ ನೀಲಿ ಗುರುತು ಹಾಕಿ, ಸಮಿತಿಗೆ ಹೋಗುವ ಅರ್ಜಿಗಳ ಕಟ್ಟಿನಲ್ಲಿ ಸೇರಿಸಿದೆ.

ಅಧಿಕಾರಿ ನನ್ನ ಮುಖ ನೋಡಿದರು. "ಗೊತ್ತಿರೋ ಹುಡ್ಗೀನಾ ಮೇಡಂ?"

"ಇಲ್ಲ, ಯಾರೋ ಏನೋ" ಎಂದೆ.

ಮಾಡಿದ್ದು ಸರಿಯೋ ತಪ್ಪೋ ಕೇಳೋಣವೆಂದರೆ ಅಂಕಲ್ ಇಲ್ಲ. ಇದ್ದಿದ್ದರೆ ಬೈಯುತ್ತಿದ್ದರೇನೋ... ಮನೆಗೆ ಹೋಗುವಾಗ ಬಸ್ಸು ಗೊಟ್ಟಿಗೆರೆಯ ಸ್ಟಾಪಿನಲ್ಲಿ ನಿಂತಿತು. ಈ ನೀಲಿ ಗುರುತಿನಿಂದ ಅಲ್ಲಿಯವಳಿಗೆ ಏನೂ ಆಗಲಿಲ್ಲ. ಅವಳು ಇವತ್ತಿಗೂ ಆ ಪೋಸ್ಟ್‌ಮ್ಯಾನನ್ನೇ ಬೈದುಕೊಳ್ಳುತ್ತಿರಬಹುದು.