ಚಕ್ಕುಬಂದಿಯಲ್ಲಿ ಇಲ್ಲದ ಕಾಲುವೆ

ಕಂಪ್ಲಿ ಬಯಲಿನ ನೀರುಗಂಟಿ ಮೂಕಣ್ಣನಿಗೆ ಒಂದೆಡೆ ಕುಳಿತು ಗೊತ್ತಿಲ್ಲ. ಮೂವತ್ತೆರಡು ವರ್ಷ ಸಲಿಕೆ ಹೆಗಲಿಗೇರಿಸಿ, ತೂಬು ಎತ್ತಿ, ಯಾರ ಗದ್ದೆಗೆ ಯಾವ ದಿನ ನೀರು ಎಂಬ ಸರದಿಯನ್ನು ತಲೆಯಲ್ಲೇ ಇಟ್ಟುಕೊಂಡು ತಿರುಗಿದ ಕಾಲುಗಳವು.

ಈಗ ಅರ್ಧ ಬಯಲಿಗೆ ಸೈಟಿನ ಕಲ್ಲು ನೆಟ್ಟಿದ್ದಾರೆ. ಒಬ್ಬರನ್ನೇ ದೂರುವಂತಿಲ್ಲ. ಊರೊಳಗೆ ಜಾಗವಿಲ್ಲ, ರಸ್ತೆ ಅಗಲವಾದ ಮೇಲೆ ಭತ್ತಕ್ಕಿಂತ ಸೈಟೇ ಲಾಭ. ಮೂಕಣ್ಣನ ಮನೆಯಲ್ಲೇ ಎರಡು ಕೋಣೆಗೆ ಒಂಬತ್ತು ಜನ. ಕಿರಿಯ ಸೊಸೆ ಸುಧಾರಾಣಿ ಸೀರೆ ಬದಲಿಸಲು ಪಕ್ಕದ ಮನೆಗೆ ಹೋಗುತ್ತಾಳೆ.

ಅದಕ್ಕೇ ಅವಳ ಗಂಡ ಹನುಮೇಶ್ ಬಯಲಿನಲ್ಲಿ ಸೈಟು ಹಿಡಿದ. ನೋಂದಣಿಯ ದಿನ ಸಾಕ್ಷಿಗೆಂದು ಅಪ್ಪನನ್ನು ಕರೆದೊಯ್ದ. ಪತ್ರ ಬರೆಯುವವನು ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬುದನ್ನು, ಓದಿದ: "ಪೂರ್ವಕ್ಕೆ ರಸ್ತೆ."

"ರಸ್ತೆ ಅಲ್ರಿ, ಕಾಲುವಿ," ಎಂದ ಮೂಕಣ್ಣ. "ಗಾಳೆಮ್ಮನ ಮುಕ್ಕಾಲು ಎಕರೆಗೆ ನೀರು ಹೋಗೋದು ಅದರಾಗ."

"ನಿನಗ ಮೂಕಣ್ಣ ಅಂತ ಯಾರು ಹೆಸರಿಟ್ರೋ ಯಜಮಾನ. ನಕ್ಷೆದಾಗ ರಸ್ತೆ ಐತಿ. ಸಹಿ ಹಾಕು."

"ಕಾಲುವಿ ಅಂತ ಬರೀರಿ, ಹಾಕ್ತೀನಿ."

ಹನುಮೇಶ್ ದನಿ ತಗ್ಗಿಸಿದ. "ಅಪ್ಪಾ, ಅಕಿ ಎಷ್ಟು ದಿನ ಮಂದಿ ಮನ್ಯಾಗ ಸೀರಿ ಉಡಬೇಕು?"

ಮೂಕಣ್ಣ ಎದ್ದು ಹೊರಗೆ ನಡೆದ. ಸಹಿ ಹಾಕಲಿಲ್ಲ. ಅವನ ಬದಲು ಹೊರಗೆ ಚಹಾ ಮಾರುವವನು ಬಂದು ಸಾಕ್ಷಿಯ ಸಹಿ ಹಾಕಿ ಹೋದ.

ವಾರದೊಳಗೆ ಕಾಲುವೆಯ ಮೇಲೆ ಗರಸು ಮಣ್ಣು ಸುರಿದು ರಸ್ತೆ ಮಾಡಿದರು. ಗಾಳೆಮ್ಮನ ಸರದಿಯ ದಿನ ಮೂಕಣ್ಣ ಎಂದಿನಂತೆ ತೂಬು ಎತ್ತಿದ. ನೀರು ಹರಿದು ಬಂದು ಗರಸಿಗೆ ತಾಗಿ ನಿಂತಿತು. ಆಚೆ ಬದುವಿನ ಮೇಲೆ ಗಾಳೆಮ್ಮ ನಾಟಿಗೆಂದು ಕಿತ್ತ ಭತ್ತದ ಸಸಿಯ ಕಟ್ಟುಗಳ ನಡುವೆ ಕುಳಿತಿದ್ದಳು.

"ನೀರು ಬರದಿದ್ರ ಹೇಳಿಬಿಡಪಾ," ಎಂದಳು. "ನಾನೂ ಕಲ್ಲು ನೆಡಸ್ತೀನಿ."

ಮೂಕಣ್ಣ ಆ ಗರಸಿನ ಮೇಲೆ ಮೂರು ಬಾರಿ ಅತ್ತಿತ್ತ ನಡೆದ. ಆಮೇಲೆ ಅದನ್ನು ಕಡಿಯಲು ಸಲಿಕೆ ಹಾಕಿದ.

ಅಷ್ಟರಲ್ಲಿ ಹನುಮೇಶ್ ಟ್ರ್ಯಾಕ್ಟರಿಗೆ ಇಟ್ಟಿಗೆ ಹೇರಿಸಿಕೊಂಡು ಬಂದ. "ಅಪ್ಪಾ, ಏನ್ ಮಾಡಾಕತ್ತಿ? ಅದು ರಸ್ತೆ."

"ಹೂಂ. ಪತ್ರದಾಗ." ಮೂಕಣ್ಣ ತಲೆ ಎತ್ತಲಿಲ್ಲ. "ಇವತ್ತು ಗಾಳೆಮ್ಮನ ಸರದಿ. ಸಂಜಿಗೆ ಮುಚ್ಚಿ ಕೊಡ್ತೀನಿ."

"ಎಂಟು ದಿನಕ್ಕ ಮತ್ತ ಅಕಿ ಸರದಿ ಬರ್ತತಿ."

"ಬರ್ತತಿ. ಮತ್ತ ಕಡೀತೀನಿ."

ಕಡಿದ ಜಾಗದಲ್ಲಿ ನೀರು ನುಗ್ಗಿತು. ಟ್ರ್ಯಾಕ್ಟರ್ ಈಚೆಯೇ ನಿಂತಿತು.