ಅನಸುಬಾಯಿಯ ಹಂಚು

ನಮ್ಮ ಪಕ್ಕದ ಮನೆಯ ಅನಸುಬಾಯಿ ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತು ಮಗನನ್ನು ಬೆಳೆಸಿದವಳು. ಅಲ್ಲಿ ಕಲ್ಲು ಕೊರೆಯುವ ಸದ್ದಿಗೆ ಅವಳ ಒಂದು ಕಿವಿ ಮಂದವಾಗಿದೆ. ಅಂಡಮಾನಿನ ಯಾವುದೋ ನಡುಗಡ್ಡೆಯ ಜನರೇ ಇಲ್ಲದ ಕಡಲದಂಡೆಯನ್ನು ಮಗನ ಫೋನಿನಲ್ಲಿ ನೋಡಿ, “ಅಲ್ಲಿ ಒಂದಿನ ಸುಮ್ಮ ಕುಂದರಬೇಕು ನೋಡು” ಎಂದಿದ್ದಳು. ಮಗ ಸಂಘಪಾಲ ಮನೆಮಂದಿಗೆಲ್ಲ ಟಿಕೆಟ್ ತೆಗೆಸಿದ.

ನಿನ್ನೆ ನಾನು ಹೋದಾಗ ಸಾಮಾನು ಕಟ್ಟುತ್ತಿದ್ದರು. ಸಂಘಪಾಲ ರೊಟ್ಟಿಯ ಹಂಚನ್ನೂ ಜೋಳದ ಹಿಟ್ಟನ್ನೂ ತಾಯಿಯ ಚೀಲಕ್ಕೆ ತುರುಕಿದ.

“ರೂಮಿನ್ಯಾಗ ಗ್ಯಾಸ್ ಅದ ಯವ್ವಾ. ನಾವು ನೀರಾಗ ಆಡಿ ಬರೋದ್ರಾಗ ಬಿಸಿ ರೊಟ್ಟಿ ಮಾಡಿಡು.”

“ಮತ್ತ ನಾ ದಂಡಿಗಿ ಯಾವಾಗ ಕುಂದರಲಿ?”

“ಕಿಡಕ್ಯಾಗಿಂದ ಕಾಣ್ತದ ಬಿಡು,” ಎಂದು ನಕ್ಕ.

ಅನಸುಬಾಯಿಯ ಮುಖ ಕೆಂಪಾಯಿತು. “ಒಲಿ ಮುಂದ ಕುಂದರಲಿಕ್ಕ ಸಮುದ್ರ ದಾಟಬೇಕೇನೋ? ನಿನಗ ತಾಯಿ ಬೇಕಾಗಿಲ್ಲ, ಅಡಗಿಯಾಕಿ ಬೇಕಾಗ್ಯಾಳ. ಹೊಟ್ಟಿ ಹಸಿದ್ರ ಉಸುಕು ತಿನ್ನು.”

ಹಂಚನ್ನು ಎಳೆದು ತೆಗೆದು ನನ್ನ ಮಡಿಲಲ್ಲಿಟ್ಟಳು. “ಅಕ್ಕಾ, ನಾ ತಿರುಗಿ ಬರೋತನಾ ಇದು ನಿಮ್ಮ ಮನ್ಯಾಗ ಇರಲಿರಿ.”

ಇವತ್ತು ಬೆಳಿಗ್ಗೆ ಹೊರಡುವ ಮೊದಲು ಸಂಘಪಾಲ ಮೆಲ್ಲಗೆ ಬಂದು ಹಂಚು ಕೇಳಿದ. ನಾನು ಕೊಡಲಿಲ್ಲ.